ವೀಕ್ಷಕ ವಿವರಣೆಯ ಅಣಕು: ರಾಯ್ ಮತ್ತು ಎಚ್.ಜಿ. ಜೋಡಿಯ ಕಸುಬು

1938ರಲ್ಲಿ ಆಸ್ಟ್ರೇಲಿಯಾದ ಕ್ರಿಕೆಟ್ ತಂಡ ಇಂಗ್ಲೆಂಡಿನಲ್ಲಿ ಟೆಸ್ಟ್ ಸರಣಿ ಆಡುತ್ತಿತ್ತು. ಅಲ್ಲಿಂದ ನೇರವಾಗಿ ದನಿಯನ್ನು ತರಿಸಿಕೊಳ್ಳುವುದು ಆಗ ನಂಬಿಕೊಳ್ಳುವಂತಹ ವ್ಯವಸ್ಥೆಯಾಗಿರಲಿಲ್ಲ. ಹಾಗಾಗಿ ಆ ದೇಶದ ಸಾರ್ವಜನಿಕ ಪ್ರಸಾರ ಸಂಸ್ಥೆಯಾದ ಎಬಿಸಿ ರೇಡಿಯೋದ ವಿವರಣೆಗಾರರು ಸಿಡ್ನಿಯ ಸ್ಟುಡಿಯೋದಲ್ಲಿ ರಾತ್ರಿ ಕುಳಿತು, ತಾವು ನೋಡದ ಪಂದ್ಯವನ್ನು ಕಂಡಂತೆ ವರ್ಣಿಸಿದರು. ಕೈಯಲ್ಲಿದ್ದದ್ದು ಇಂಗ್ಲೆಂಡಿನಿಂದ ಬಂದ ಚುಟುಕು ತಂತಿ ಸಂದೇಶಗಳು. ಬ್ಯಾಟಿಗೆ ಚೆಂಡು ತಾಗಿದ ಸದ್ದು ಬೇಕಾದಾಗ ಪೆನ್ಸಿಲಿನಿಂದ ಮರದ ತುಂಡನ್ನು ತಟ್ಟುತ್ತಿದ್ದರು. ಜನರ ಗದ್ದಲಕ್ಕೆ ಧ್ವನಿಮುದ್ರಿಕೆ ಇತ್ತು. ಇದು ಗುಟ್ಟಿನ ವಿಷಯವಾಗಿರಲಿಲ್ಲ. ಆದರೂ ದೇಶದ ಉದ್ದಗಲಕ್ಕೂ ಜನ ನಿದ್ದೆಗೆಟ್ಟು ಕೇಳಿದರು, ಉಸಿರು ಬಿಗಿಹಿಡಿದರು, ವಿಕೆಟ್ ಬಿದ್ದಾಗ ಮರುಗಿದರು.

ಆಟದ ವಿಡಂಬನೆ ಎಂಬ ವಿಷಯವನ್ನು ಅರ್ಥ ಮಾಡಿಕೊಳ್ಳಲು ಇದೇ ಸರಿಯಾದ ಬಾಗಿಲು ಎಂದು ನನಗೆ ಅನ್ನಿಸುತ್ತದೆ. ಮೈದಾನದಲ್ಲಿ ನಡೆಯುವುದು ಕೆಲವು ಜನರ ಓಟ, ಎಸೆತ, ಬೀಳುವಿಕೆ. ಅದಕ್ಕೆ ಮಹತ್ವ, ಆತಂಕ, ನೆನಪು, ಸೇಡು ಎಲ್ಲವನ್ನೂ ತುಂಬುವುದು ವಿವರಣೆಗಾರನ ಮಾತು. ಮಾತಿಗೆ ಅಷ್ಟು ಶಕ್ತಿ ಇದೆಯೆಂದಾದರೆ, ಅದೇ ಮಾತನ್ನು ಎರಡು ಅಂಗುಲ ಆಚೆ ಸರಿಸಿದರೂ ಆಟದ ಇಡೀ ಚಿತ್ರ ಬೇರೆಯಾಗುತ್ತದೆ. ಆ ಎರಡು ಅಂಗುಲವನ್ನು ಸರಿಸುವುದನ್ನೇ ಬದುಕಿನ ಕಸುಬಾಗಿ ಮಾಡಿಕೊಂಡವರು ಆಸ್ಟ್ರೇಲಿಯಾದ ರಾಯ್ ಮತ್ತು ಎಚ್.ಜಿ.

ಇವು ಪಾತ್ರಗಳ ಹೆಸರುಗಳು. 'ರಾಂಪೇಜಿಂಗ್' ರಾಯ್ ಸ್ಲೇವನ್ ಎಂಬ ಪಾತ್ರ ಜಾನ್ ಡಾಯ್ಲ್ ಅವರದು, ಎಚ್.ಜಿ. ನೆಲ್ಸನ್ ಎಂಬುದು ಗ್ರೆಗ್ ಪಿಕ್‌ಹೇವರ್ ಅವರದು. ಡಾಯ್ಲ್ ಹುಟ್ಟಿದ್ದು 1953ರಲ್ಲಿ, ನ್ಯೂ ಸೌತ್ ವೇಲ್ಸ್‌ನ ಲಿಥ್‌ಗೋ ಎಂಬ ಕಲ್ಲಿದ್ದಲ ಗಣಿಯ ಊರಿನಲ್ಲಿ. ನಟರಾಗುವ ಮೊದಲು ಅವರು ಶಾಲೆಯಲ್ಲಿ ಪಾಠ ಹೇಳುತ್ತಿದ್ದರು. ಅಡಿಲೇಡ್‌ನ ಪಿಕ್‌ಹೇವರ್ 1948ರವರು. ಮೆಲ್ಬರ್ನಿನ ಸಮುದಾಯ ರೇಡಿಯೋದಲ್ಲಿ ಕುದುರೆ ಪಂದ್ಯಗಳ ಸುತ್ತ ಹೆಣೆದ ಹಾಸ್ಯ ಕಾರ್ಯಕ್ರಮದಲ್ಲಿ ಪಳಗಿದವರು. 1980ರ ದಶಕದ ನಡುವಿನಲ್ಲಿ ಒಂದೇ ಟಿವಿ ಧಾರಾವಾಹಿಯಲ್ಲಿ ನಟಿಸುವಾಗ ಇಬ್ಬರಿಗೂ ಪರಿಚಯವಾಯಿತು. 1986ರಲ್ಲಿ ಟ್ರಿಪಲ್ ಜೆ ಎಂಬ ಎಬಿಸಿಯ ರೇಡಿಯೋ ಕೇಂದ್ರದಲ್ಲಿ 'ದಿಸ್ ಸ್ಪೋರ್ಟಿಂಗ್ ಲೈಫ್' ಆರಂಭಿಸಿದರು. ಆ ಕಾರ್ಯಕ್ರಮ 2008ರವರೆಗೆ, 22 ವರ್ಷ ನಡೆಯಿತು.

ಟ್ರಿಪಲ್ ಜೆ ಯುವಜನರ ರಾಕ್ ಸಂಗೀತದ ಕೇಂದ್ರ ಎಂಬುದು ಇಲ್ಲಿ ಮುಖ್ಯ. ಆಟವೆಂದರೆ ಮೂಗು ಮುರಿಯುವ ಹುಡುಗರು, ಹುಡುಗಿಯರು ಅಲ್ಲಿನ ಕೇಳುಗರಲ್ಲಿ ಬಹಳ ಮಂದಿ ಇದ್ದರು. ಆಟಕ್ಕಾಗಿ ಪ್ರಾಣ ಬಿಡುವವರೂ ಅಲ್ಲೇ ಇದ್ದರು. ವಾರಾಂತ್ಯದ ಮಧ್ಯಾಹ್ನ ಗಂಟೆಗಟ್ಟಲೆ ಮಾತನಾಡುತ್ತಿದ್ದ ಈ ಇಬ್ಬರು ಎರಡೂ ಗುಂಪುಗಳನ್ನು ಒಂದೇ ರೇಡಿಯೋದ ಮುಂದೆ ಕೂರಿಸಿದರು. 'ಅತಿಯಾದ ಆಟವೂ ಸಾಲದು' ಎಂಬ ಅರ್ಥದ ಘೋಷವಾಕ್ಯ ಅವರದು. ಅದನ್ನು ಕೇಳಿದ ಒಬ್ಬನಿಗೆ ಆಟದ ಹುಚ್ಚಿನ ಟೀಕೆ ಕೇಳಿಸಿತು, ಇನ್ನೊಬ್ಬನಿಗೆ ತನ್ನದೇ ಮನಸ್ಸಿನ ಮಾತು ಕೇಳಿಸಿತು.

ಈ ಕೆಲಸಕ್ಕೆ ಇಬ್ಬರೇ ಏಕೆ ಬೇಕು? ಕ್ರೀಡಾ ಪ್ರಸಾರದ ಅಂಗರಚನೆಯೇ ಜೋಡಿಯದು. ಒಬ್ಬ ನಡೆಯುತ್ತಿರುವುದನ್ನು ಹೇಳುತ್ತಾನೆ. ಅವನ ದನಿ ಆಟದೊಂದಿಗೆ ಏರಬೇಕು, ಇಳಿಯಬೇಕು. ಪಕ್ಕದಲ್ಲಿ ಕುಳಿತವನು ಮಾಜಿ ಆಟಗಾರ, ಪರಿಣತ. ಅವನು ನಿಧಾನವಾಗಿ, ಅಧಿಕಾರವಾಣಿಯಿಂದ ಕಾರಣ ಹೇಳುತ್ತಾನೆ. ಇಂದು ಕನ್ನಡದಲ್ಲಿ ಐಪಿಎಲ್ ವಿವರಣೆ ಕೇಳುವವರಿಗೂ ಈ ಹಂಚಿಕೆ ಪರಿಚಿತ. ಎಚ್.ಜಿ. ಮೊದಲನೆಯವನು: ಕುದುರೆ ಪಂದ್ಯದ ಕೊನೆಯ ಸುತ್ತನ್ನು ಕೂಗಿ ಹೇಳುವವನ ಅವಸರ, ಮೈತುಂಬ ಉತ್ಸಾಹ, ಮಾತಿಗೆ ಮಾತು ಪೋಣಿಸುವ ವೇಗ. ರಾಯ್ ಎರಡನೆಯವನು: ಗಡಸು ದನಿ, ಆತುರವಿಲ್ಲದ ಮಾತು, ಸಂಶಯದ ಸುಳಿವೇ ಇಲ್ಲದ ತೀರ್ಪು. ಆ ಪಾತ್ರ ಆಡದ ಆಟವಿಲ್ಲ. ಕ್ರಿಕೆಟ್, ರಗ್ಬಿ, ಗಾಲ್ಫ್, ಎಲ್ಲದರಲ್ಲೂ ಅವನು ದೇಶಕ್ಕಾಗಿ ಆಡಿದ್ದಾನೆ. ತನ್ನದೇ ಕುದುರೆಯೇರಿ ಮೆಲ್ಬರ್ನ್ ಕಪ್‌ಗೆ ಹೋಗಿದ್ದಾನೆ. ದೊಡ್ಡ ಆಟಗಾರರೆಲ್ಲ ಅವನ ಬಳಿ ಬಂದು ಕಷ್ಟ ತೋಡಿಕೊಂಡಿದ್ದಾರೆ. ಎಚ್.ಜಿ. ಇದನ್ನು ಒಮ್ಮೆಯೂ ಅನುಮಾನಿಸುವುದಿಲ್ಲ. ಅನುಮಾನಿಸಿದ ಕ್ಷಣ ಗಾಳಿ ಹೋಗುತ್ತದೆ. ಅವನು ಮತ್ತೊಂದು ಪ್ರಶ್ನೆ ಕೇಳುತ್ತಾನೆ, ಇನ್ನಷ್ಟು ಭಕ್ತಿಯಿಂದ, ಮತ್ತು ರಾಯ್ ಇನ್ನೊಂದು ಮೆಟ್ಟಿಲು ಹತ್ತುತ್ತಾನೆ.

ಒಬ್ಬನೇ ಸುಳ್ಳು ಹೇಳಿದರೆ ಅದು ಬಡಾಯಿ. ಪಕ್ಕದವನು ತಲೆಯಾಡಿಸಿದರೆ ಅಲ್ಲಿ ಒಂದು ಲೋಕ ಹುಟ್ಟುತ್ತದೆ. ಅಮೆರಿಕದಲ್ಲಿ ಇದನ್ನು ಬಹಳ ಮೊದಲೇ ಕಂಡುಕೊಂಡವರು ಬಾಬ್ ಎಲಿಯಟ್ ಮತ್ತು ರೇ ಗೌಲ್ಡಿಂಗ್. 1946ರಲ್ಲಿ ಬಾಸ್ಟನ್ನಿನ ಒಂದು ರೇಡಿಯೋ ಕೇಂದ್ರದಲ್ಲಿ, ಬೇಸ್‌ಬಾಲ್ ಪ್ರಸಾರಕ್ಕೆ ಮೊದಲಿನ ಖಾಲಿ ಹೊತ್ತನ್ನು ಮತ್ತು ಮಳೆಯಿಂದ ಆಟ ನಿಂತಾಗಿನ ಹೊತ್ತನ್ನು ತುಂಬಲು ಇವರಿಬ್ಬರನ್ನು ಕೂರಿಸಿದರು. ಆ ಬಿಡುವಿನ ಹರಟೆ ನಾಲ್ಕು ದಶಕಗಳ ಕಲಾಜೀವನವಾಯಿತು. ಬಿಫ್ ಬರ್ನ್ಸ್ ಎಂಬ ಅವರ ಕಲ್ಪಿತ ಕ್ರೀಡಾ ವರದಿಗಾರ ಹೇಳಲು ಏನೂ ಇಲ್ಲದಿದ್ದರೂ ಮಾತು ನಿಲ್ಲಿಸಲಾರದವನು. ರಾಯ್, ಎಚ್.ಜಿ. ಹಾಗಲ್ಲ, ಅವರಿಗೆ ಹೇಳಲು ಯಾವಾಗಲೂ ಹೆಚ್ಚೇ ಇರುತ್ತದೆ.

ಅವರ ಮಾತು ಬಹುಪಾಲು ಸ್ಥಳದಲ್ಲೇ ಹುಟ್ಟುವಂಥದ್ದು. ತಾಳಮದ್ದಳೆ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಕುಳಿತ ಅರ್ಥಧಾರಿ ಮಾತಿನಿಂದಲೇ ಕೌರವನಾಗುತ್ತಾನೆ. ಪ್ರಸಂಗ ಎಲ್ಲರಿಗೂ ಗೊತ್ತು, ಆದರೆ ಇಂದಿನ ರಾತ್ರಿಯ ವಾದ ಎದುರಿನವನ ಮಾತಿನಿಂದ ಹುಟ್ಟುತ್ತದೆ. ಪಾತ್ರದ ಹಿಡಿತ ತಪ್ಪಿದರೆ ಇಬ್ಬರೂ ಬೀಳುತ್ತಾರೆ. ಸ್ಟುಡಿಯೋದ ಇಬ್ಬರಿಗೂ ಪಂದ್ಯವೇ ಪ್ರಸಂಗ, ಮತ್ತು ಅದು ಅವರ ಕೈಯಲ್ಲಿಲ್ಲ. ಮುಂದಿನ ಕ್ಷಣ ಯಾರು ಬೀಳುತ್ತಾರೆ, ಯಾರು ಹೊಡೆಯುತ್ತಾರೆ ಎಂಬುದು ಅವರಿಗೂ ತಿಳಿಯದು.

ಈ ಕಲೆಯ ತುತ್ತತುದಿ 'ಫೆಸ್ಟಿವಲ್ ಆಫ್ ದಿ ಬೂಟ್', ಅಂದರೆ ಬೂಟಿನ ಹಬ್ಬ. ಆಸ್ಟ್ರೇಲಿಯಾದಲ್ಲಿ ಚಳಿಗಾಲದ ಆಟ ಎರಡು ಹೋಳು. ಸಿಡ್ನಿ, ಬ್ರಿಸ್ಬೇನ್ ಕಡೆ 13 ಜನರ ರಗ್ಬಿ ಲೀಗ್. ಮೆಲ್ಬರ್ನ್, ಅಡಿಲೇಡ್, ಪರ್ತ್ ಕಡೆ ಅಂಡಾಕಾರದ ದೊಡ್ಡ ಮೈದಾನದಲ್ಲಿ ಒಂದೊಂದು ಬದಿಗೆ 18 ಜನ ಆಡುವ ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್. ಇವೆರಡರ ಫೈನಲ್‌ಗಳು ಬಂದಾಗ, ಹಾಗೆಯೇ ನ್ಯೂ ಸೌತ್ ವೇಲ್ಸ್ ಮತ್ತು ಕ್ವೀನ್ಸ್‌ಲ್ಯಾಂಡ್ ನಡುವಿನ ಸ್ಟೇಟ್ ಆಫ್ ಆರಿಜಿನ್ ಪಂದ್ಯಗಳು ಬಂದಾಗ, ರಾಯ್ ಮತ್ತು ಎಚ್.ಜಿ. ರೇಡಿಯೋದಲ್ಲಿ ಪೂರ್ತಿ ಪಂದ್ಯದ ನೇರ ವಿವರಣೆ ಕೊಡುತ್ತಿದ್ದರು. ಮನೆಮನೆಯಲ್ಲಿ ಜನ ಟಿವಿಯ ಸದ್ದು ಪೂರ್ತಿ ಅಡಗಿಸಿ, ಪಕ್ಕದಲ್ಲಿ ರೇಡಿಯೋ ಹಚ್ಚಿ, ಕಣ್ಣಿಗೆ ಒಂದು, ಕಿವಿಗೆ ಇನ್ನೊಂದು ಇಟ್ಟುಕೊಂಡು ಕೂರುತ್ತಿದ್ದರು. ನಮ್ಮಲ್ಲೂ ದೂರದರ್ಶನದ ಚಿತ್ರ ನೋಡುತ್ತ ಟ್ರಾನ್ಸಿಸ್ಟರಿನಲ್ಲಿ ಆಕಾಶವಾಣಿಯ ವಿವರಣೆ ಕೇಳುತ್ತಿದ್ದ ಹಿರಿಯರಿದ್ದರು. ಕಿವಿಗೆ ಒಗ್ಗಿದ ದನಿಯ ಮೇಲಿನ ನಂಬಿಕೆ ಅವರನ್ನು ಹಾಗೆ ಮಾಡಿಸುತ್ತಿತ್ತು. ಆಸ್ಟ್ರೇಲಿಯಾದವರು ಅದೇ ಕೆಲಸವನ್ನು ನಂಬಲು ಸಾಧ್ಯವೇ ಇಲ್ಲದ ದನಿಗಾಗಿ ಮಾಡಿದರು.

ಹೀಗೆ ನೋಡಿದಾಗ ಏನಾಗುತ್ತದೆ ಎಂಬುದೇ ವಿಡಂಬನೆಯ ಗುಟ್ಟು. ಚಿತ್ರ ನಿಜ, ಅಂಕ ನಿಜ, ಆಟಗಾರನ ಪೆಟ್ಟು ನಿಜ. ಮಾತು ಮಾತ್ರ ಹುಲ್ಲುಕಡ್ಡಿಯನ್ನು ಬೆಟ್ಟ ಮಾಡುತ್ತಿರುತ್ತದೆ. ಸ್ವಲ್ಪ ಹೊತ್ತಿನಲ್ಲೇ ಕೇಳುಗನಿಗೆ ಹೊಳೆಯುತ್ತದೆ: ಅಸಲಿ ವಿವರಣೆಗಾರರೂ ಇದನ್ನೇ ಮಾಡುತ್ತಿದ್ದರಲ್ಲವೇ? ಸ್ನಾಯು ಸೆಳೆತಕ್ಕೆ ಮಹಾಕಾವ್ಯದ ಭಾಷೆ, ಮಾಮೂಲಿ ಪಂದ್ಯಕ್ಕೆ ಯುದ್ಧದ ಪದಗಳು, ಇಪ್ಪತ್ತು ವರ್ಷದ ಹುಡುಗನಿಗೆ ಪುರಾಣಪುರುಷನ ಪಟ್ಟ. ರಾಯ್ ಮತ್ತು ಎಚ್.ಜಿ. ಬಳಸುವ ಸಾಮಗ್ರಿ ಹೊಸದಲ್ಲ, ಅಳತೆ ಮಾತ್ರ ಬೇರೆ.

ಹೆಸರಿಡುವುದು ಅವರ ಇನ್ನೊಂದು ಕೈಚಳಕ. ಗ್ಲೆನ್ ಲಾಜರಸ್ ಎಂಬ ರಗ್ಬಿ ಲೀಗ್ ಆಟಗಾರ ಗಿಡ್ಡ ಗೋಡೆಯಂತಹ ಭಾರೀ ಮೈಕಟ್ಟಿನವರು; ಕ್ಯಾನ್‌ಬೆರಾ, ಬ್ರಿಸ್ಬೇನ್, ಮೆಲ್ಬರ್ನ್ ಎಂಬ ಮೂರು ಕ್ಲಬ್‌ಗಳೊಂದಿಗೆ ಲೀಗ್ ಪ್ರಶಸ್ತಿ ಗೆದ್ದವರು. ಅವರಿಗೆ ಈ ಜೋಡಿ ಇಟ್ಟ ಹೆಸರು 'ಕಣ್ಣುಳ್ಳ ಇಟ್ಟಿಗೆ'. ಎರಡೇ ಪದದಲ್ಲಿ ಅವರ ಆಟದ ಪೂರ್ತಿ ವಿಶ್ಲೇಷಣೆ ಅಡಗಿದೆ: ಡಿಕ್ಕಿ ಹೊಡೆದವನಿಗೆ ಇಟ್ಟಿಗೆ, ಆದರೆ ಆ ಇಟ್ಟಿಗೆ ನೋಡುತ್ತಿದೆ, ಲೆಕ್ಕ ಹಾಕುತ್ತಿದೆ. ಹೆಸರು ಅಂಟಿಕೊಂಡಿತು. 2014ರಲ್ಲಿ ಲಾಜರಸ್ ಆಸ್ಟ್ರೇಲಿಯಾದ ಸೆನೆಟ್ ಪ್ರವೇಶಿಸಿದಾಗಲೂ ಪತ್ರಿಕೆಗಳು ಆ ಹೆಸರಿನಿಂದಲೇ ಅವರನ್ನು ಪರಿಚಯಿಸಿದವು. ಒಳ್ಳೆಯ ಅಡ್ಡಹೆಸರಿನಲ್ಲಿ ಗಮನವಿಟ್ಟು ನೋಡಿದ ಗುರುತು ಇರುತ್ತದೆ. ಆಟವನ್ನು ಕಡೆಗಣಿಸುವವನು ಇಂತಹ ಹೆಸರು ಇಡಲಾರ.

ಇಲ್ಲಿಯೇ ನನಗೆ ದಾಸರ ನಿಂದಾಸ್ತುತಿ ನೆನಪಾಗುತ್ತದೆ. ದೇವರನ್ನು ಬೈಯುತ್ತ, ಕೆಣಕುತ್ತ, ಹಂಗಿಸುತ್ತ ಹಾಡುವ ಆ ಕೀರ್ತನೆಗಳನ್ನು ದೇವರಿಂದ ದೂರ ನಿಂತವರು ಬರೆಯಲಾಗುತ್ತಿರಲಿಲ್ಲ. ಹತ್ತಿರವಿದ್ದವರಿಗೆ ಮಾತ್ರ ಆ ಸಲಿಗೆ. ಕ್ರೀಡೆಯನ್ನು ಹೊರಗಿನಿಂದ ಗೇಲಿ ಮಾಡುವುದು ಸುಲಭ. ಚೆಂಡಿನ ಹಿಂದೆ ಓಡುವ ದೊಡ್ಡವರು ಎಂದು ಒಂದು ಸಾಲಿನಲ್ಲಿ ಮುಗಿಸಬಹುದು. ಅದು ಇಪ್ಪತ್ತೆರಡು ವರ್ಷ ಬಾಳುವುದಿಲ್ಲ. ಈ ಇಬ್ಬರಿಗೆ ಪ್ರತಿ ತಂಡದ ಇತಿಹಾಸ, ಪ್ರತಿ ಆಟಗಾರನ ಗಾಯದ ವಿವರ, ಆಡಳಿತ ಮಂಡಳಿಗಳ ಒಳಜಗಳ ಎಲ್ಲ ಗೊತ್ತಿತ್ತು. ಅವರ ಕಲ್ಪನೆಗಳು ನೆಲ ಬಿಟ್ಟು ಹಾರುತ್ತಿದ್ದದ್ದು ಆ ನೆಲವನ್ನು ಚೆನ್ನಾಗಿ ತುಳಿದ ಮೇಲೆ.

2000ದ ಸೆಪ್ಟೆಂಬರಿನಲ್ಲಿ ಸಿಡ್ನಿಯಲ್ಲಿ ಒಲಿಂಪಿಕ್ಸ್ ನಡೆಯಿತು. ಪ್ರಸಾರದ ಹಕ್ಕು ಪಡೆದಿದ್ದ ಚಾನೆಲ್ ಸೆವೆನ್ ದಿನದ ಸ್ಪರ್ಧೆಗಳು ಮುಗಿದ ಮೇಲೆ ತಡರಾತ್ರಿಯ ಹೊತ್ತನ್ನು ರಾಯ್ ಮತ್ತು ಎಚ್.ಜಿ.ಗೆ ಕೊಟ್ಟಿತು. ಕಾರ್ಯಕ್ರಮದ ಹೆಸರು 'ದಿ ಡ್ರೀಮ್'. ಅದು ಹೊರಗಿನವರು ಕಲ್ಲು ಎಸೆದ ವಿಡಂಬನೆಯಲ್ಲ, ಅಧಿಕೃತ ಪ್ರಸಾರಕನ ಮನೆಯೊಳಗೇ, ಅಧಿಕೃತ ದೃಶ್ಯಗಳನ್ನೇ ಬಳಸಿ ಮಾಡಿದ್ದು. ಇಂತಹ ಅವಕಾಶ ಬೇರೆಲ್ಲೂ ಸುಲಭವಾಗಿ ಸಿಗುವುದಿಲ್ಲ.

ಆ ಕ್ರೀಡಾಕೂಟಕ್ಕೆ ಮೂರು ಅಧಿಕೃತ ಲಾಂಛನ ಪ್ರಾಣಿಗಳಿದ್ದವು: ಸಿಡ್ ಎಂಬ ಪ್ಲಾಟಿಪಸ್, ಆಲಿ ಎಂಬ ಕೂಕಬರ ಹಕ್ಕಿ, ಮಿಲ್ಲಿ ಎಂಬ ಮುಳ್ಳುಮೈಯ ಎಕಿಡ್ನಾ. ಬೊಂಬೆ, ಅಂಗಿ, ಕೀಲಿಗೊಂಚಲು ಎಂದು ಅವುಗಳ ವ್ಯಾಪಾರ ಭರದಿಂದ ಸಾಗಿತ್ತು. ಅದಕ್ಕೆ ಎದುರಾಗಿ ರಾಯ್ ಮತ್ತು ಎಚ್.ಜಿ. ತಮ್ಮ ಮೇಜಿನ ಮೇಲೆ ಒಂದು ವೊಂಬ್ಯಾಟ್ ಬೊಂಬೆಯನ್ನು ಕೂರಿಸಿದರು. ವೊಂಬ್ಯಾಟ್ ಎಂದರೆ ಕುಳ್ಳ ಕಾಲಿನ, ಬಿಲ ತೋಡುವ, ಹೊಟ್ಟೆಚೀಲದ ಪ್ರಾಣಿ. ಅದರ ಹಿಂಭಾಗ ಮೃದ್ವಸ್ಥಿಯಿಂದ ಗಟ್ಟಿಯಾಗಿರುತ್ತದೆ. ಶತ್ರು ಬೆನ್ನಟ್ಟಿದರೆ ಬಿಲಕ್ಕೆ ನುಗ್ಗಿ ಹಿಂಭಾಗವನ್ನೇ ಬಾಗಿಲಿಗೆ ಅಡ್ಡ ಇಡುತ್ತದೆ. ಕಲಾವಿದ ಪಾಲ್ ನ್ಯೂವೆಲ್ ನೆರವಿನಿಂದ ರೂಪುಗೊಂಡ ಈ ಬೊಂಬೆಗೆ ಫ್ಯಾಟ್ಸೋ ಎಂದು ಹೆಸರಾಯಿತು. ಪೂರ್ತಿ ಹೆಸರಿನಲ್ಲಿ ಅದರ ದಪ್ಪ ಕುಂಡೆಯ ಉಲ್ಲೇಖ ನೇರವಾಗಿಯೇ ಇತ್ತು. ಬೆವರು ಸುರಿಸಿ ಬದುಕುವ ಸಾಮಾನ್ಯರ ರಾಜಕುಮಾರ ಎಂಬ ಬಿರುದೂ ಸೇರಿತು.

ಆಮೇಲೆ ನಡೆದದ್ದನ್ನು ಯಾರೂ ಯೋಜಿಸಿರಲಿಲ್ಲ. ಆಸ್ಟ್ರೇಲಿಯಾದ ಈಜುಗಾರರು ಫ್ಯಾಟ್ಸೋವನ್ನು ಎತ್ತಿಕೊಂಡು ಪದಕ ವೇದಿಕೆಗೇ ಹೋದರು. ಚಿನ್ನ ಗೆದ್ದ ಸೂಸಿ ಓನೀಲ್ ಒಯ್ದರು. 4x200 ಮೀಟರ್ ರಿಲೇ ಗೆದ್ದ ಪುರುಷರ ತಂಡವೂ ಒಯ್ದಿತು. ಬೆಂಗಳೂರಿನ ನಿಶಾ ಮಿಲೆಟ್ ಭಾರತಕ್ಕಾಗಿ ಈಜಿದ್ದು ಅದೇ ಕೊಳದಲ್ಲಿ, ಅದೇ ದಿನಗಳಲ್ಲಿ. ಕೋಟಿಗಟ್ಟಲೆ ಜನ ನೋಡುವ ಆ ಗಳಿಗೆಯಲ್ಲಿ ಅಧಿಕೃತ ಲಾಂಛನಗಳು ಮರೆಯಾಗಿ ತಡರಾತ್ರಿಯ ಹಾಸ್ಯದ ಬೊಂಬೆ ಎದ್ದು ಕಂಡಿತು. ಆಸ್ಟ್ರೇಲಿಯಾದ ಒಲಿಂಪಿಕ್ ಸಮಿತಿ ಕ್ರೀಡಾಪಟುಗಳು ಅದರೊಂದಿಗೆ ಕಾಣಿಸಿಕೊಳ್ಳದಂತೆ ತಡೆಯಲು ಹೊರಟಿತು. ಜನ ಸಿಟ್ಟಾದರು. ಕೊನೆಗೆ ದೇಶದ ಸಮಿತಿಯ ಹಿರಿಯರೂ ಅಂತರರಾಷ್ಟ್ರೀಯ ಸಮಿತಿಯ ಹಿರಿಯರೂ ಆ ತಗಾದೆಯಿಂದ ದೂರ ಸರಿಯಬೇಕಾಯಿತು.

ಈ ಪ್ರಸಂಗದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಕ್ರೀಡಾಪಟುಗಳ ನಡೆ. ನಗೆಗೆ ಗುರಿಯಾಗಬಹುದಾಗಿದ್ದವರೇ ಆ ನಗೆಯನ್ನು ಎತ್ತಿಕೊಂಡು ನಡೆದರು. ವರ್ಷಗಟ್ಟಲೆ ಬೆಳಗಿನ ಜಾವದಲ್ಲಿ ತಣ್ಣೀರಿಗೆ ಇಳಿದವರಿಗೆ ಬೊಂಬೆ ಯಾವುದು, ಬೆವರು ಯಾವುದು ಎಂಬುದು ಸಮಿತಿಗಿಂತ ಚೆನ್ನಾಗಿ ಗೊತ್ತಿತ್ತು. ರಾಯ್ ಮತ್ತು ಎಚ್.ಜಿ. ಅಣಕಿಸುತ್ತಿದ್ದದ್ದು ತಮ್ಮ ಈಜನ್ನಲ್ಲ, ಅದರ ಸುತ್ತ ಕಟ್ಟಿದ ಆಡಂಬರವನ್ನು ಎಂದು ಅವರು ಅರ್ಥ ಮಾಡಿಕೊಂಡಿದ್ದರು. ಕ್ರೀಡಾಕೂಟದ ನಂತರ ಫ್ಯಾಟ್ಸೋವನ್ನು ಹರಾಜಿಗಿಟ್ಟರು. 80,450 ಆಸ್ಟ್ರೇಲಿಯನ್ ಡಾಲರ್‌ಗೆ ಕೊಂಡವರು ಚಾನೆಲ್ ಸೆವೆನ್‌ನ ಮುಖ್ಯಸ್ಥ ಕೆರಿ ಸ್ಟೋಕ್ಸ್. ಹಣ ದತ್ತಿ ಕಾರ್ಯಕ್ಕೆ ಹೋಯಿತು. ಒಲಿಂಪಿಕ್ ಕ್ರೀಡಾಂಗಣದ ಹೊರಗೆ ಸ್ವಯಂಸೇವಕರ ಗೌರವಾರ್ಥ ನಿಲ್ಲಿಸಿದ ಕಂಬಗಳಲ್ಲಿ ಒಂದರ ಮೇಲೆ ಫ್ಯಾಟ್ಸೋನ ಪುಟ್ಟ ಪ್ರತಿಮೆಯನ್ನೂ ಕೂರಿಸಿದ್ದರು. 2010ರಲ್ಲಿ ಅದನ್ನು ಯಾರೋ ಕದ್ದರು.

'ದಿ ಡ್ರೀಮ್'ನ ಇನ್ನೊಂದು ಜನಪ್ರಿಯ ಭಾಗ ಜಿಮ್ನಾಸ್ಟಿಕ್ಸ್ ವಿವರಣೆ. ಆ ಕ್ರೀಡೆಯಲ್ಲಿ ಚಲನೆಗಳಿಗೆ ಅವುಗಳನ್ನು ಮೊದಲು ಮಾಡಿದವರ ಹೆಸರಿಡುವ ರೂಢಿಯಿದೆ; ನತಾಲಿಯಾ ಯುರ್ಚೆಂಕೊ ಹೆಸರಿನ ವಾಲ್ಟ್ ಇದಕ್ಕೆ ಉದಾಹರಣೆ. ಟಿವಿ ಮುಂದೆ ಕುಳಿತ ಸಾಮಾನ್ಯನಿಗೆ ಈ ಹೆಸರುಗಳು ಮಂತ್ರದ ಹಾಗೆ: ಅರ್ಥವಾಗದು, ಆದರೆ ತಲೆಬಾಗಬೇಕು. ರಾಯ್ ಮತ್ತು ಎಚ್.ಜಿ. ತಮ್ಮದೇ ಪರಿಭಾಷೆ ಕಟ್ಟಿದರು. ಕಾಲುಗಳನ್ನು ಅಗಲಿಸಿದ ಭಂಗಿಗೆ 'ಹಲೋ ಬಾಯ್ಸ್'. ಇನ್ನೊಂದು ಚಲನೆಗೆ 'ಬ್ಯಾಟರ್ಡ್ ಸ್ಯಾವ್', ಅಂದರೆ ಅಲ್ಲಿನ ಜಾತ್ರೆಗಳಲ್ಲಿ ಸಿಗುವ, ಹಿಟ್ಟಿನಲ್ಲಿ ಅದ್ದಿ ಎಣ್ಣೆಯಲ್ಲಿ ಕರಿದ ಸಾಸೇಜಿನ ಹೆಸರು. ಈ ಪದಗಳನ್ನು ಅವರು ಅಸಲಿ ಪರಿಣತರ ಗಾಂಭೀರ್ಯದಿಂದಲೇ ಬಳಸಿದರು. ಎರಡು ರಾತ್ರಿ ಕಳೆಯುವಷ್ಟರಲ್ಲಿ ನೋಡುಗರೂ ಆ ಪದಗಳಿಂದಲೇ ಚಲನೆಗಳನ್ನು ಗುರುತಿಸತೊಡಗಿದರು. ಪರಿಭಾಷೆ ಎಂದರೆ ಅರ್ಧ ಜ್ಞಾನ, ಅರ್ಧ ಒಳಗಿನವರ ಬೇಲಿ ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸಿದ ಪಾಠ ನನಗೆ ತಿಳಿದಿಲ್ಲ.

ಒಂದು ಮಾತು ಹೇಳಲೇಬೇಕು. ದೇಹವನ್ನೇ ನಗೆಯ ವಸ್ತುವಾಗಿಸುವ ಈ ವಿವರಣೆ ಎಲ್ಲ ಕಡೆಯೂ ನನಗೆ ಒಪ್ಪಿಗೆಯಾಗುವುದಿಲ್ಲ. ಬಿಗಿ ಉಡುಪಿನಲ್ಲಿ ನಿಂತ, ಇಂಗ್ಲಿಷ್ ತಿಳಿಯದ ಕಿರಿಯ ಸ್ಪರ್ಧಿಗೆ ತನ್ನ ಬಗ್ಗೆ ಏನು ಹೇಳುತ್ತಿದ್ದಾರೆ ಎಂಬುದು ಗೊತ್ತಾಗುವುದಿಲ್ಲ. ಉತ್ತರ ಕೊಡಲು ಅವನಿಗೆ ಮೈಕ್ ಇಲ್ಲ. ಸಮಿತಿಯನ್ನೋ ಪ್ರಸಾರಕರ ಆಡಂಬರವನ್ನೋ ಕುಟುಕುವಾಗ ಇದ್ದ ನ್ಯಾಯ ಅಲ್ಲಿ ತೆಳುವಾಗುತ್ತದೆ. ಇಂದು ಅದೇ ದೃಶ್ಯಗಳನ್ನು ನೋಡಿದರೆ ಕೆಲವು ಸಾಲುಗಳು ಚುಚ್ಚುತ್ತವೆ. ಅವರ ಅತ್ಯುತ್ತಮ ಕೆಲಸ ಇರುವುದು ಆಟಗಾರನೂ ನೋಡುಗನೂ ಒಂದೇ ಕಡೆ ನಿಂತು ನಗಬಹುದಾದ ಜಾಗದಲ್ಲಿ.

ಅಂತಹ ಜಾಗ 2002ರಲ್ಲಿ ಸಿಕ್ಕಿತು. ಸಾಲ್ಟ್ ಲೇಕ್ ಸಿಟಿಯ ಚಳಿಗಾಲದ ಒಲಿಂಪಿಕ್ಸ್ ಸಮಯದಲ್ಲಿ 'ದಿ ಐಸ್ ಡ್ರೀಮ್' ನಡೆಸಿದ ಜೋಡಿ, 2010ರ ಚಳಿಗಾಲದ ಒಲಿಂಪಿಕ್ಸ್ ಅನ್ನು ಸ್ಮಿಗಿನ್ ಹೋಲ್ಸ್‌ಗೆ ಕೊಡಬೇಕೆಂದು ಪ್ರಚಾರ ಆರಂಭಿಸಿತು. ಸ್ಮಿಗಿನ್ ಹೋಲ್ಸ್ ನ್ಯೂ ಸೌತ್ ವೇಲ್ಸ್‌ನ ಹಿಮಪ್ರದೇಶದ ಒಂದು ಪುಟ್ಟ ಸ್ಕೀ ತಾಣ. ಆತಿಥ್ಯಕ್ಕೆ ನಗರಗಳು ಸಲ್ಲಿಸುವ ಅರ್ಜಿ, ಘೋಷಣೆ, ಭರವಸೆ ಎಲ್ಲವನ್ನೂ ಅವರು ಶ್ರದ್ಧೆಯಿಂದ ನಕಲು ಮಾಡಿದರು. ಚಳಿಗಾಲದ ಕ್ರೀಡೆಯಲ್ಲಿ ಆಸ್ಟ್ರೇಲಿಯಾ ದೊಡ್ಡದೇನನ್ನೋ ಸಾಧಿಸೀತು ಎಂಬುದೇ ಆಗ ನಗೆ ತರಿಸುವ ಮಾತಾಗಿತ್ತು. ದಕ್ಷಿಣ ಗೋಳಾರ್ಧದ ಯಾವ ದೇಶವೂ ಅದುವರೆಗೆ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದಿರಲಿಲ್ಲ.

ಅದೇ ಕೂಟದಲ್ಲಿ, ಫೆಬ್ರುವರಿ 16ರಂದು, ಸ್ಟೀವನ್ ಬ್ರಾಡ್‌ಬರಿ 1000 ಮೀಟರ್ ಶಾರ್ಟ್ ಟ್ರ್ಯಾಕ್ ಸ್ಕೇಟಿಂಗ್ ಫೈನಲ್‌ನಲ್ಲಿ ಕೊನೆಯವರಾಗಿ ಸಾಗುತ್ತಿದ್ದರು. ಕೊನೆಯ ತಿರುವಿನಲ್ಲಿ ಮುಂದಿದ್ದ ನಾಲ್ವರೂ ಒಬ್ಬರಿಗೊಬ್ಬರು ತಗುಲಿ ಬಿದ್ದರು. ಹಿಂದೆ ದೂರದಲ್ಲಿದ್ದ ಬ್ರಾಡ್‌ಬರಿ ಬೀಳದೆ ಉಳಿದ ಒಬ್ಬರೇ ಸ್ಕೇಟರ್ ಆಗಿ ಗೆರೆ ದಾಟಿದರು, ನಂಬಲಾಗದೆ ಕೈ ಎತ್ತಿದರು. ಚಿನ್ನ. ಯಾವ ವಿಡಂಬನಕಾರ ಇದನ್ನು ಬರೆದಿದ್ದರೂ ಅತಿಯಾಯಿತು ಎನ್ನುತ್ತಿದ್ದೆವು. ಆದರೆ ಆ ಮನುಷ್ಯನ ಹಿಂದಿನ ಕಥೆ ಬೇರೆ. 1994ರಲ್ಲಿ ಸ್ಪರ್ಧೆಯೊಂದರಲ್ಲಿ ಬೇರೊಬ್ಬರ ಸ್ಕೇಟಿನ ಅಲಗು ತೊಡೆಯನ್ನು ಸೀಳಿ ಅವರು ಪ್ರಾಣಾಪಾಯದಷ್ಟು ರಕ್ತ ಕಳೆದುಕೊಂಡಿದ್ದರು. 2000ದಲ್ಲಿ ಕುತ್ತಿಗೆಯ ಮೂಳೆ ಮುರಿದಿತ್ತು. ನಗು ಬರುವ ಆ ಗೆಲುವಿನ ಅಡಿಯಲ್ಲಿ ಹನ್ನೆರಡು ವರ್ಷಕ್ಕೂ ಮೀರಿದ ಹಟ ಇತ್ತು. ಕ್ರೀಡೆಯಲ್ಲಿ ಹಾಸ್ಯವೂ ಘನತೆಯೂ ಒಂದೇ ದೃಶ್ಯದೊಳಗೆ ಹೀಗೆ ಹೆಣೆದುಕೊಂಡಿರುವುದರಿಂದಲೇ ರಾಯ್ ಮತ್ತು ಎಚ್.ಜಿ. ಅಂಥವರಿಗೆ ಕೆಲಸವಿದೆ.

2008ರಲ್ಲಿ 'ದಿಸ್ ಸ್ಪೋರ್ಟಿಂಗ್ ಲೈಫ್' ನಿಂತಿತು. 2013ರಲ್ಲಿ ದೇಶದ ಚಲನಚಿತ್ರ ಮತ್ತು ಧ್ವನಿ ಸಂಗ್ರಹಾಲಯ ಅದನ್ನು ಕಾಪಿಡಬೇಕಾದ ದನಿಗಳ ಪಟ್ಟಿಗೆ ಸೇರಿಸಿತು. ಜೋಡಿ ಖಾಸಗಿ ಕೇಂದ್ರಗಳಿಗೆ ಹೋಗಿ, 2020ರಲ್ಲಿ ಹೊಸ ಕಾರ್ಯಕ್ರಮದೊಂದಿಗೆ ಎಬಿಸಿಗೆ ಮರಳಿತು. ಇಬ್ಬರು ನಟರಿಗೂ ಈಗ ಎಪ್ಪತ್ತು ದಾಟಿದೆ. ರಾಯ್ ಸ್ಲೇವನ್‌ನ ದಾಖಲೆಗಳು ಮಾತ್ರ ಇನ್ನೂ ಬೆಳೆಯುತ್ತಲೇ ಇವೆ, ಮತ್ತು ಎಚ್.ಜಿ. ಅವನ್ನು ಒಂದೊಂದಾಗಿ ಕೇಳಿ ತಿಳಿದುಕೊಳ್ಳುತ್ತಲೇ ಇದ್ದಾನೆ.